ಭೋಜಪತ್ರಿಯ ಕೌದಿ

ಒಬ್ಬರ ವಸ್ತುವನ್ನು ಇನ್ನೊಬ್ಬರಿಗೆ ದಾನ ಮಾಡುವುದರಲ್ಲಿ ನಮ್ಮವ್ವ ಎತ್ತಿದ ಕೈ. ಮಾನ್ವಿಯ ನಮ್ಮ ಓಣಿಯಲ್ಲಿ ಯಾರ ಒನಕೆ ಯಾರ ಮನೆಗೆ ಹೋಗಬೇಕು, ಯಾರ ಹಿತ್ತಲ ಕರಿಬೇವು ಯಾರ ಒಗ್ಗರಣೆಗೆ ಬೀಳಬೇಕು ಎಂಬುದನ್ನೆಲ್ಲ ಅವಳೇ ತೀರ್ಮಾನಿಸುತ್ತಿದ್ದಳು. ಎಂಬತ್ತರ ದಶಕದ ನಡುವೆ ನಾವು ಶಕ್ತಿನಗರದ ಕ್ವಾರ್ಟರ್ಸಿಗೆ ಬರುವವರೆಗೂ ಇದರಿಂದ ಯಾರಿಗೂ ಅಂಥ ನಷ್ಟವೇನೂ ಆಗಿರಲಿಲ್ಲ.

ನನ್ನ ಗಂಡನಿಗೆ ಅಲ್ಲಿನ ಥರ್ಮಲ್ ವಿದ್ಯುತ್ ಸ್ಥಾವರದಲ್ಲಿ ಕೆಲಸ. ಎದುರು ಮನೆಯವರು ಹಿಮಾಲಯದ ಬುಡದ ಯಾವುದೋ ಹಳ್ಳಿಯಿಂದ ಬಂದ ಗಂಡ ಹೆಂಡತಿ. ಆ ಹುಡುಗಿಗೆ ಆಗ ಬಸಿರು. ರಾಯಚೂರಿನ ಬಿಸಿಲು ಮೊದಲ ಸಲ ನೋಡಿದವಳು, ಮಧ್ಯಾಹ್ನವೆಲ್ಲ ತಲೆಯ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ನಮ್ಮ ಹೊಸ್ತಿಲಲ್ಲಿ ಕೂರುತ್ತಿದ್ದಳು. ಅವಳಿಗೆ ಕನ್ನಡ ಬಾರದು, ನನ್ನ ಹಿಂದಿ ಶಾಲೆಯ ಪುಸ್ತಕದ್ದು. ನಮ್ಮವ್ವ ಮಾನ್ವಿಯಿಂದ ಬಂದಾಗ ಮಾತ್ರ ಮಾತು ಸರಾಗ, ಯಾಕೆಂದರೆ ಬಳೆಯಂಗಡಿಗಳಲ್ಲಿ ಚೌಕಾಶಿ ಮಾಡಿ ಮಾಡಿ ಅವ್ವ ದಖನಿ ಉರ್ದು ಕಲಿತಿದ್ದಳು. ಹುಡುಗಿಯ ಹಿಂದಿ ಮತ್ತು ಅವ್ವನ ದಖನಿ ನಡುದಾರಿಯಲ್ಲಿ ಹೇಗೋ ಭೇಟಿಯಾಗುತ್ತಿದ್ದವು. ಅವಳು ಇವಳಿಗೆ ಅಮ್ಮಾಜಿ ಎನ್ನುತ್ತಿದ್ದಳು, ಇವಳು ಅವಳಿಗೆ ಬೇಟಿ ಎನ್ನುತ್ತಿದ್ದಳು. ಹಗ್ಗದ ಮೇಲಿನ ಬಟ್ಟೆಗೆ ಬೂದಿ ಕೂರುತ್ತಿದ್ದ ಆ ಅಂಗಳದಲ್ಲಿ ಸಂಜೆಯವರೆಗೂ ಈ ಇಬ್ಬರ ಹರಟೆ ನಡೆಯುತ್ತಿತ್ತು.

ಒಂದು ದಿನ ಅವ್ವ ಎದುರು ಮನೆಯ ಅಡುಗೆಮನೆಗೆ ಹೋದವಳು ಉಪ್ಪಿನಕಾಯಿ ಜಾಡಿಯ ಮುಂದೆ ನಿಂತುಬಿಟ್ಟಳು. ಜಾಡಿಯ ಬಾಯಿಗೆ ಕಟ್ಟಿದ್ದು ಭೋಜಪತ್ರಿ. ಹಿಮಾಲಯದ ಒಂದು ಮರದ ತೊಗಟೆ ಅದು, ಕಾಗದದ ಹಾಗೆ ತೆಳ್ಳಗೆ, ಕೆನೆಬಣ್ಣ, ಮೈತುಂಬ ಅಡ್ಡಗೆರೆ. ಈರುಳ್ಳಿಯ ಹಾಗೆ ಪದರು ಪದರಾಗಿ ಬಿಡಿಸಬಹುದು. ನಮ್ಮ ಕಡೆ ಅದರ ದರ್ಜೆಯೇ ಬೇರೆ. ರಾಯಚೂರಿನ ಗಿಡಮೂಲಿಕೆ ಅಂಗಡಿಯಲ್ಲಿ ಅದನ್ನು ಗಾಜಿನ ಬರಣಿಯಲ್ಲಿ ಇಟ್ಟು, ಬೆರಳಗಲದ ಚೂರು ಮಾಡಿ ಮಾರುತ್ತಿದ್ದರು. ಆ ಚೂರನ್ನು ಒಯ್ದು ಕೊಟ್ಟರೆ ಪೇಟೆಯ ಹಿಂದಿನ ಓಣಿಯ ಒಬ್ಬ ಮುಸ್ಲಿಂ ಹಿರಿಯರು ಕೇಸರಿ ನೀರಿನಲ್ಲಿ ಅದರ ಮೇಲೆ ಬರೆದು ತಾಯತಕ್ಕೆ ಹಾಕಿಕೊಡುತ್ತಿದ್ದರು. ಹಿಂದೂಗಳು, ಮುಸ್ಲಿಮರು ಎಲ್ಲರೂ ಅವರ ಹತ್ತಿರ ಹೋಗುವವರೇ. ಅಂಥ ಹಾಳೆ ಉಪ್ಪಿನಕಾಯಿಗೆ ಮುಚ್ಚಳ! ಅವ್ವ ಅದನ್ನು ಬಿಚ್ಚಿ, ಸೆರಗಿನಿಂದ ಎಣ್ಣೆ ಒರೆಸಿ, ಕಣ್ಣಿಗೆ ಒತ್ತಿಕೊಂಡಳು.

ಹುಡುಗಿಗೆ ನಗು ತಡೆಯಲಾಗಲಿಲ್ಲ. ಟ್ರಂಕಿನಿಂದ ಒಂದು ಸುರುಳಿಯನ್ನೇ ತೆಗೆದು ತೋರಿಸಿದಳು. ಮದುವೆಗೆ ಮುಂಚೆ ಅವಳ ಅಪ್ಪ ಬೆಟ್ಟದಿಂದ ತಂದುಕೊಟ್ಟದ್ದಂತೆ. ಅಪ್ಪ ಆಮೇಲೆ ತೀರಿಕೊಂಡಿದ್ದ. ಅವಳ ಊರಿನಲ್ಲಿ ಬೆಣ್ಣೆ ಕಟ್ಟುವುದಕ್ಕೆ ಇದೇ, ಮಾಳಿಗೆಯ ಮಣ್ಣಿನ ಕೆಳಗೆ ಹಾಸುವುದಕ್ಕೆ ಇದೇ, ಹಳೆಯ ಕಾಲದ ಜಾತಕಗಳೂ ಇದರ ಮೇಲೆಯೇ. ಹುಟ್ಟಿದ ಕೂಸನ್ನು ಮೊದಲು ಮಲಗಿಸುವುದೂ ಇದರ ಮೇಲೆ, ಒದ್ದೆ ಹಾಸಿಗೆಗೆ ಇಳಿಯುವುದಿಲ್ಲವಲ್ಲ. ಅವಳ ತಾಯಿ ತನ್ನ ಮಕ್ಕಳನ್ನೆಲ್ಲ ಹಾಗೆಯೇ ಮಲಗಿಸಿದ್ದಳು. ಸುರುಳಿ ಇಟ್ಟುಕೊಂಡದ್ದೂ ಅದಕ್ಕೇ. ಹೆರಿಗೆಗೆ ತಾಯಿ ಬರುತ್ತಾಳೆ, ಬಂದು ಹಾಸುತ್ತಾಳೆ. ದೇವರ ಹಾಳೆಯ ಮೇಲೆ ಕೂಸಿನ ಕುಂಡಿಯೇ ಎಂದು ಅವ್ವ ಕೆನ್ನೆ ಕೆನ್ನೆ ಬಡಿದುಕೊಂಡಳು. ಬಡಿದುಕೊಂಡ ಕೈಯಲ್ಲೇ ಒಂದು ತುಂಡು ಕೇಳಿದಳು, ನನ್ನ ಪುಟ್ಟ ಮಗಳು ನಿದ್ದೆಯಲ್ಲಿ ಬೆಚ್ಚಿಬೀಳುತ್ತಾಳೆಂಬ ನೆಪ. ಹುಡುಗಿ ಹಳೆಯ ಪೇಪರ್ ಹರಿದ ಹಾಗೆ ಅಂಗೈ ಅಗಲದ ಹಾಳೆ ಹರಿದು ಕೊಟ್ಟಳು.

ಅವ್ವ ಮಾನ್ವಿ ಬಸ್ಸು ಹತ್ತಿದ್ದೇ ತಡ, ಸುದ್ದಿ ಅವಳಿಗಿಂತ ಮುಂಚೆ ಊರು ಸೇರಿತು. ಮುಂದಿನ ವಾರದಿಂದ ನಮ್ಮ ಅಂಗಳ ಸಂತೆ. ಮಾನ್ವಿಯವರು, ಹಿರೇಕೊಟ್ನೆಕಲ್ಲಿನವರು, ದೇವದುರ್ಗದಿಂದ ನನ್ನ ಅಕ್ಕನ ಅತ್ತೆಯ ಕಡೆಯವರು. ಒಬ್ಬರ ಮಗ ಪರೀಕ್ಷೆಯಲ್ಲಿ ನಪಾಸು, ಒಬ್ಬರ ಎಮ್ಮೆ ಹಾಲು ಕೊಡದು, ಇನ್ನೊಬ್ಬರ ಅಳಿಯ ಕುಡಿಯುತ್ತಾನೆ. ಅವ್ವ ಮುಂದೆ ನಿಂತು ಕೊಡಿಸುತ್ತಿದ್ದಳು, ತನ್ನ ಅಪ್ಪನೇ ಬೆಟ್ಟ ಹತ್ತಿ ತಂದವನ ಹಾಗೆ. ನಾನು ಸಿಟ್ಟಿನಿಂದ ಕುದಿಯುತ್ತಿದ್ದೆ. ಆದರೆ ಆ ಹುಡುಗಿ ಸುಖವಾಗಿದ್ದಳು. ಬಂದವರು ಸುಮ್ಮನೆ ಬರುತ್ತಿರಲಿಲ್ಲ, ಖಡಕ್ ರೊಟ್ಟಿ, ಶೇಂಗಾ ಹಿಂಡಿ ತರುತ್ತಿದ್ದರು. ಅವಳ ಹೊಟ್ಟೆ ಮುಟ್ಟಿ ಗಂಡೋ ಹೆಣ್ಣೋ ಎಂದು ಜಗಳವಾಡುತ್ತಿದ್ದರು. ಯಾರೂ ಇಲ್ಲದ ಊರಿನಲ್ಲಿ ಅಷ್ಟು ಜನ ಹೆಂಗಸರು ಮನೆಗೆ ಬರುತ್ತಾರೆಂದರೆ ಅವಳು ಹೇಗೆ ಬೇಡ ಎಂದಾಳು?

ದಿನ ತುಂಬುತ್ತ ಬಂದಾಗ ಅವಳ ಊರಿನಿಂದ ಸುದ್ದಿ ಬಂತು. ತಾಯಿ ದಾರಿಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಾಳೆ, ಬರಲಾಗುವುದಿಲ್ಲ. ಇವಳು ಹೋಗುವಂತೆಯೂ ಇಲ್ಲ, ಅಷ್ಟು ದೂರದ ರೈಲು ಬೇಡವೇ ಬೇಡ ಎಂದು ಡಾಕ್ಟರು ಹೇಳಿದ್ದರು. ಆ ದಿನ ಅವಳು ಟ್ರಂಕು ತೆಗೆದು ನೋಡಿದರೆ ಸುರುಳಿಯಲ್ಲಿ ಉಳಿದದ್ದು ಅಂಗೈ ಅಗಲದ ಒಂದು ಚೂರು. ನನಗೆ ಅದನ್ನು ತೋರಿಸಿ ನಕ್ಕಳು. ಈ ತೊಗಟೆಯೇ ಹೀಗೆ, ಕೆಳಗೆ ಇನ್ನೊಂದು ಪದರು ಇದ್ದೇ ಇರುತ್ತದೆ ಅನ್ನಿಸುತ್ತದೆ ಎಂದಳು. ಆ ನಗು ನನಗೆ ಸಹಿಸಲಾಗಲಿಲ್ಲ.

ಅವ್ವ ಬಂದಾಗ ಒಳಗೆ ಕರೆದು ಹೇಳಿದೆ.

"ಯವ್ವಾ, ನೀ ಮಂದಿಗೆ ಹಂಚಿದ್ದು ಹಾಳಿ ಅಲ್ಲ ಬೇ, ಆಕಿ ತವರುಮನಿ."

ಅವ್ವ ಹೊರಗೆ ಬಂದು ಚಪ್ಪಲಿ ಮೆಟ್ಟಿದಳು.

ಮೊದಲು ರಾಯಚೂರಿನ ಅಂಗಡಿಗೆ ಹೋದಳು. ದೊಡ್ಡ ಹಾಳೆ ಈಗ ಬರುವುದೇ ಇಲ್ಲ ಎಂದರಂತೆ. ಆಮೇಲೆ ಬಸ್ಸು ಹಿಡಿದು ಊರೂರು ತಿರುಗಿದಳು. ತಾಯತಕ್ಕೆ ಬೇಕಾಗುವುದು ಉಗುರಷ್ಟು, ಉಳಿದದ್ದು ಎಲ್ಲರ ಮನೆಯಲ್ಲೂ ಇತ್ತು. ಆದರೆ ಕೊಟ್ಟದ್ದನ್ನು ವಾಪಸ್ಸು ಕೇಳುವುದೆಂದರೆ ನಮ್ಮಲ್ಲಿ ತಲೆ ತಗ್ಗಿಸುವ ಕೆಲಸ. ಕೊಡುಗೈ ಎಂದು ಊರೆಲ್ಲ ಹೊಗಳಿಸಿಕೊಂಡಿದ್ದ ಅವ್ವ ಬಾಗಿಲು ಬಾಗಿಲಿಗೆ ಹೋಗಿ ಕೈಯೊಡ್ಡಿದಳು. ಹೆಚ್ಚಿನವರು ಕಾರಣ ಕೇಳಿ ದೇವರ ಜಗುಲಿಯಿಂದ ತೆಗೆದು ಕೊಟ್ಟರು. ದೇವದುರ್ಗದ ಒಬ್ಬಾಕೆ ಮಾತ್ರ, ಎಮ್ಮೆ ಹಾಲು ಕೊಡತೊಡಗಿದ್ದೇ ಇದರಿಂದ, ಕೊಡುವುದಿಲ್ಲ ಎಂದು ಪಟ್ಟು ಹಿಡಿದಳಂತೆ. ಅವ್ವ ಜಗಳವಾಡಿ ಅರ್ಧ ಕಿತ್ತುಕೊಂಡು ಬಂದಳು.

ಅವಳು ತಂದ ಚೀಲ ಬಿಚ್ಚಿದಾಗ ಮನೆಯೆಲ್ಲ ಘಮ್ಮೆಂದಿತು. ಕೆಲವು ಚೂರಿಗೆ ಅರಿಶಿಣ ಕುಂಕುಮ, ಕೆಲವಕ್ಕೆ ವಿಭೂತಿ. ಮಾನ್ವಿಯ ಒಂದು ಮುಸ್ಲಿಂ ಮನೆಯವರು ಹಸಿರು ರೇಷ್ಮೆಯಲ್ಲಿ ಸುತ್ತಿಟ್ಟಿದ್ದ ಚೂರಿಗೆ ಅತ್ತರಿನ ವಾಸನೆ. ಒಂದರ ಮೇಲಂತೂ ಬರೆಯುವಾಗ ಕೆಟ್ಟುಹೋದ ಕೇಸರಿ ಅಕ್ಷರಗಳಿದ್ದವು.

ಅವ್ವ ಕೌದಿ ಹೊಲಿಯಲು ಕೂತಳು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಕಿ ಕೌದಿ ಹೊಲಿಯುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಆದರೆ ಭೋಜಪತ್ರಿ ಅವಳ ಮಾತು ಕೇಳಲಿಲ್ಲ. ಗೆರೆಯ ಉದ್ದಕ್ಕೆ ಸೂಜಿ ಹೋದರೆ ಪರ್‍ರೆಂದು ಸೀಳುತ್ತಿತ್ತು. ಹುಡುಗಿಯೇ ಪಕ್ಕದಲ್ಲಿ ಕೂತು, ಚೂರುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮೆತ್ತಗೆ ಮಾಡಿಕೊಟ್ಟಳು. ತನ್ನೂರ ಮಾಳಿಗೆಗೆ ಹಾಸುವ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಜೋಡಿಸಿದಳು. ಅವ್ವ ಓರೆ ಹೊಲಿಗೆ ಹಾಕಿದಳು. ತೊಟ್ಟಿಲಿಗಿಂತ ಸ್ವಲ್ಪ ಅಗಲದ, ಮೈತುಂಬ ಕಲೆಯ, ಮುಟ್ಟಿದರೆ ಸರಗುಟ್ಟುವ ಕೌದಿ. ಇಷ್ಟು ತೂತಾದ ಮೇಲೆ ನೀರು ನಿಲ್ಲುವುದು ಎಲ್ಲಿಂದ ಬಂತು ಎಂದು ನನ್ನ ಗಂಡ ಕೇಳಿ ಬೈಸಿಕೊಂಡರು.

ಹೊಲಿದಳು ನಿಜ, ಆದರೆ ಅವ್ವನ ಅಳುಕು ಹೋಗಿರಲಿಲ್ಲ. ಯಾರದೋ ಮನೆದೇವರ ಕುಂಕುಮ, ಯಾರದೋ ದುವಾ, ಅದರ ಮೇಲೆ ಕೂಸು ಹೇಲುಚ್ಚೆ ಮಾಡುವುದು. ರಾಯಚೂರಿನ ಆ ಹಿರಿಯರನ್ನು ಕೇಳಿಕೊಂಡು ಬಂದಳು. ಅವರು ನಕ್ಕು, ತಮ್ಮ ಡಬ್ಬಿಯಲ್ಲಿದ್ದ ಚೂರುಗಳನ್ನೂ ಕೊಟ್ಟು ಕಳಿಸಿದರಂತೆ. ಆದರೂ ಅವ್ವ ನನ್ನ ಮುಂದೆ ಕಡ್ಡಿ ಮುರಿದಂತೆ ಹೇಳಿದಳು, ಹೊಲಿಯುವುದಷ್ಟೇ ತನ್ನ ಕೆಲಸ, ಕೂಸನ್ನು ಅದರ ಮೇಲೆ ಮಲಗಿಸುವ ಪಾಪ ತನಗೆ ಬೇಡ.

ಹೆಣ್ಣು ಕೂಸು. ರಾಯಚೂರಿನ ಆಸ್ಪತ್ರೆಯಿಂದ ಮನೆಗೆ ಬಂದಾಗ ನಾನೇ ಮಂಚದ ಮೇಲೆ ಕೌದಿ ಹಾಸಿದ್ದೆ. ಅವ್ವ ಆರತಿ ಎತ್ತಿ ಮೂಲೆಗೆ ಸರಿದು ನಿಂತಳು. ಹುಡುಗಿ ಮಂಚದ ಹತ್ತಿರ ಬಂದವಳು ಕೂಸನ್ನು ಮಲಗಿಸಲಿಲ್ಲ. ತಿರುಗಿ ಎರಡೂ ಕೈಯಲ್ಲಿ ಅದನ್ನು ಅವ್ವನ ಕಡೆ ಚಾಚಿದಳು. ಇದು ತಾಯಿಯ ತಾಯಿ ಮಾಡುವ ಕೆಲಸ ಎಂದಳು.

"ನಕ್ಕೋ ಬೇಟಿ, ನಕ್ಕೋ," ಎಂದು ಅವ್ವ ಹಿಂದೆ ಸರಿದಳು.

ಹುಡುಗಿ ಮತ್ತೆ ಕೇಳಲಿಲ್ಲ, ಕೈಯನ್ನೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಹಸಿ ಬಾಣಂತಿ, ಹಾಗೇ ನಿಂತಿದ್ದಳು. ಅವ್ವ ಸೆರಗಿಗೆ ಕೈ ಒರೆಸಿಕೊಂಡಳು, ಕೂಸನ್ನು ತೆಗೆದುಕೊಂಡಳು, ಬಗ್ಗಿ ಕೌದಿಯ ಮೇಲೆ ಮಲಗಿಸಿದಳು. ಕೂಸು ಕಾಯುತ್ತಿತ್ತೋ ಎಂಬಂತೆ ಉಚ್ಚೆ ಹೊಯ್ದಿತು. ಅದು ಕುಂಕುಮದ ಮೇಲೆ, ಕೇಸರಿ ಅಕ್ಷರದ ಮೇಲೆ ಹರಿದು, ಸೂಜಿಯ ತೂತುಗಳಲ್ಲಿ ಸೋರಿ ಹಾಸಿಗೆಗೆ ಇಳಿಯಿತು. ನಾವೆಲ್ಲ ಅವ್ವನ ಮುಖ ನೋಡಿದೆವು. ಅವ್ವ ಕೂಸಿನ ಎದೆಯ ಮೇಲೆ ಅಂಗೈ ಇಟ್ಟಳು.

"ಹೊಯ್ಕೋ ಯವ್ವಾ, ಹೊಯ್ಕೋ. ನಿಮ್ಮಜ್ಜಿ ಮನ್ಯಾಗ ನಿನಗ ಯಾರೂ ಏನೂ ಅನ್ನಂಗಿಲ್ಲ."

ಆ ಹುಡುಗಿಗೆ ಕನ್ನಡ ಬರುತ್ತಿರಲಿಲ್ಲ. ತಾಯಿ ಬರುವುದಿಲ್ಲವೆಂದು ತಿಳಿದ ದಿನವೂ ನಕ್ಕಿದ್ದವಳು, ಅವ್ವನ ಹೆಗಲಿಗೆ ಮುಖವಿಟ್ಟು ದನಿ ತೆಗೆದು ಅತ್ತಳು.