ನಮ್ಮಪ್ಪ ಕಟ್ಟಿದ ಗೋಡೆ

ಒಬ್ಬ ತನ್ನ ಹಗೆಯನ್ನು ನೆಲಮಾಳಿಗೆಗೆ ಕರೆದೊಯ್ದು, ಜೀವಂತ ಇರುವಾಗಲೇ ಗೋಡೆ ಕಟ್ಟಿ ಮುಚ್ಚಿಬಿಡುವ ಹಳೆಯ ಪರದೇಶದ ಕಥೆಯೊಂದನ್ನು ನಾನು ಬಂಗಾರಪೇಟೆಯ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಪ್ರತಿವರ್ಷವೂ ಅದೇ ಪ್ರಶ್ನೆ: ಮಿಸ್, ಇದು ನಿಜವಾಗಿ ನಡೆದದ್ದಾ? ಎಲ್ಲೋ ಏನೋ ನಡೆದಿತ್ತಂತೆ, ಬರೆದವನ ಕಿವಿಗೆ ಬಿದ್ದಿತ್ತಂತೆ, ಖಾತ್ರಿಯಿಲ್ಲ ಎಂದು ಸಾಗಹಾಕುತ್ತಿದ್ದೆ. ಈ ಸಲ ಒಬ್ಬ ಹುಡುಗಿ ಎದ್ದು ನಿಂತಳು.

"ಅದ್ ಬಿಡಿ ಮಿಸ್, ನಮ್ ಕೆಜಿಎಫ್‌ನಾಗೆ ನಡ್ದಿರೋದು ನಿಜ. ತಮ್ಮನ್ನ ಸಾಯಿಸಿದ ಸಾಹೇಬನ್ನ ಒಬ್ಬ ಮೇಸ್ತ್ರಿ ಗಣಿಯೊಳ್ಗೇ ಗೋಡೆ ಕಟ್ಟಿ ಮುಚ್ಬಿಟ್ನಂತೆ. ನಮ್ಮಜ್ಜಿ ಯೋಳ್ತದೆ."

ಕ್ಲಾಸೆಲ್ಲ ಚಪ್ಪಾಳೆ. ಆ ಮೇಸ್ತ್ರಿ ನಮ್ಮಪ್ಪ ಎಂದು ನಾನು ಹೇಳಲಿಲ್ಲ.

ಚಾಂಪಿಯನ್ ರೀಫ್ಸ್‌ನಲ್ಲಿ ಗಣಿ ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆಯೊಂದರಲ್ಲಿ ಈಗ ನಾವು ಮೂವರು: ನಾನು, ಅಪ್ಪ, ಸತ್ತುಹೋದ ಚಿಕ್ಕಪ್ಪನ ಹೆಂಡತಿ ನಮ್ಮ ಚಿಕ್ಕಮ್ಮ. ಟೀ ಅಂಗಡಿಗೆ ಅಪ್ಪ ಹೋದರೆ ಇವತ್ತಿಗೂ ಜನ ಎದ್ದು ಜಾಗ ಬಿಡುತ್ತಾರೆ. ಅಪ್ಪ ಕೂರುವುದಿಲ್ಲ, ನಿಂತೇ ಕುಡಿದು ಬರುತ್ತಾನೆ. ಮಹಾಲಯ ಅಮಾವಾಸ್ಯೆಗೆ ಚಿಕ್ಕಪ್ಪನಿಗೆ ಎಡೆ ಇಡುವಾಗ ಚಿಕ್ಕಮ್ಮ, "ನಿನ್ನ ಕೊಂದೋನು ಅಲ್ಲೇ ಕೊಳೀತಾವ್ನೆ, ಸಮಾಧಾನವಾಗಿ ಉಣ್ಣು" ಅನ್ನುತ್ತಾಳೆ. ಆ ಒಂದು ಮಾತಿನ ಮೇಲೆ ಅವಳು ಬದುಕಿದ್ದಾಳೆ ಎಂದು ನಾನು ತಿಳಿದಿದ್ದೆ. ಇನ್ನೊಂದು ವಿಚಿತ್ರ, ನಮ್ಮ ಮನೆಯ ಗೋಡೆಗೆ ಮೊಳೆ ಹೊಡೆಯಲು ಅಪ್ಪ ಬಿಡುವುದಿಲ್ಲ. ಕ್ಯಾಲೆಂಡರ್ ಕಿಟಕಿಯ ಸರಳಿಗೆ ನೇತಾಡುತ್ತದೆ.

ಅವತ್ತು ಸಂಜೆ ಚಿಕ್ಕಮ್ಮ ನಲ್ಲಿಗೆ ಹೋದದ್ದು ನೋಡಿ ಕೇಳಿಯೇಬಿಟ್ಟೆ. "ನಿಜ ಹೇಳಪ್ಪ, ಗೋಡೆಯ ಹಿಂದೆ ಯಾರಿದ್ದರು?"

ಅಪ್ಪ ಕೆಮ್ಮಿದ. ಗಣಿಯ ದೂಳು ಅವನ ಎದೆಯಲ್ಲಿ ಇನ್ನೂ ಇದೆ.

"ಬಂಡೆ ಸಿಡಿದು, ಗಣಿಯೊಳ್ಗೆ ಆಸರೆಗೆ ನಿಲ್ಸಿದ್ದ ಮರಕ್ಕೆಲ್ಲ ಬೆಂಕಿ ಅತ್ಕಂಡಿತ್ತು. ಗಾಳಿ ಓಗ್ದಂಗೆ ಗೋಡೆ ಕಟ್ಟಿ ಮುಚ್ಚು ಅಂದ ಆ ಸಾಹೇಬ. ನನ್ ತಮ್ಮ ಎಲ್ಲಿ ಅಂದೆ. ಮೇಲಕ್ಕೆ ಓಗವ್ನೆ ಅಂದ. ಅರ್ಧ ಕಟ್ಟಿದ್ಮೇಲೆ ಒಳಗಿಂದ ಟಕ್ ಟಕ್ ಅಂತು ಕಣಮ್ಮ. ಬಂಡೆ ಸಿಡಿದ್ಮೇಲೆ ಭೂಮಿ ಅಂಗೇ ಸದ್ದು ಮಾಡ್ತದೆ, ನಿಂಗೆ ಗೊತ್ತಿಲ್ವಾ, ಸುಮ್ಕೆ ಕಟ್ಟು ಅಂದ. ಗೊತ್ತಿತ್ತು. ನಿಜವಾಗ್ಲೂ ಅಂಗೇ ಸದ್ದು ಮಾಡ್ತದೆ. ಕಟ್ಟಿದೆ. ಮೇಲಕ್ಕೆ ಬಂದು ನೋಡಿದ್ರೆ ತಮ್ಮ ಇರ್ಲಿಲ್ಲ."

ಸಾಹೇಬನನ್ನು ಆ ವಾರವೇ ಬೇರೆ ಊರಿಗೆ ವರ್ಗ ಮಾಡಿದರಂತೆ. ಆಮೇಲೆ ಅವನನ್ನು ಕೆಜಿಎಫ್‌ನಲ್ಲಿ ಯಾರೂ ನೋಡಲಿಲ್ಲ. ಥೂ! ನಮ್ಮವರಿಗೆ ಸೇಡು ಕೂಡ ಸುಳ್ಳಿನದೇ ಗತಿ.

"ನಿನ್ ಚಿಕ್ಕಮ್ಮಂಗೆ ಮಾತ್ರ ಯೋಳ್ಬ್ಯಾಡ," ಎಂದ ಅಪ್ಪ. "ಸತ್ತೋಗ್ತಾಳೆ."

ಕೊಡ ಕೆಳಗಿಟ್ಟ ಸದ್ದಾಯಿತು. ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದಳು. ಸೆರಗಿನಿಂದ ಕೈ ಒರೆಸಿಕೊಂಡು ಒಳಗೆ ಬಂದಳು.

"ಆ ಸಾಹೇಬ ಓಗಿದ್ದು ನಾನೇ ನೋಡಿವ್ನಿ ಭಾವ. ಬಂಗಾರಪೇಟೆ ಸ್ಟೇಷನ್ನಾಗೆ. ಎಂಡ್ತಿ, ಮಕ್ಳು, ಟ್ರಂಕು, ಕೋಳಿ ಪಂಜರ ಸಮೇತ ರೈಲು ಅತ್ತಿದ. ನನ್ನ ನೋಡಿ ಮುಖ ತಿರುಗಿಸ್ಕಂಡ. ವಾಪಸ್ ಬಂದು ನಲ್ಲಿತಾವ ಎಂಗಸ್ರಿಗೆಲ್ಲ ಯೋಳ್ದೆ, ನಮ್ ಭಾವ ಅವನ್ನ ಮುಚ್ಬಿಟ್ರು ಅಂತ."



"ಹಾಗಾದರೆ ಗೋಡೆಯ ಹಿಂದೆ ಯಾರಿದ್ದರು ಅಂತ ಗೊತ್ತಿತ್ತಾ ಚಿಕ್ಕಮ್ಮ?" ಎಂದೆ.

"ಅವರು ಸತ್ತ ಮಾರ್ನೇ ದಿನ ನಿಮ್ಮಪ್ಪ ಮನೇಲಿ ಮೊಳೆ ಒಡೆಯಕ್ಕೆ ಬಿಡ್ಲಿಲ್ವಲ್ಲ, ಅವತ್ತಿಂದ್ಲೇ ಗೊತ್ತು," ಎಂದಳು. ಆಮೇಲೆ ಅಪ್ಪನ ಕಡೆ ತಿರುಗಿ, "ನಿಮ್ಗೆ ಶಾಪ ಆಕನಾ ಅಂದ್ರೆ ನಿಮ್ಮನೆ ಅನ್ನ ತಿಂತಿದ್ದೆ. ಅದ್ಕೇ ಆ ಸಾಹೇಬನ್ನ ಬಾಯಿಮಾತ್ನಾಗೆ ಗೋಡೆ ಒಳಕ್ಕಾಕ್ದೆ," ಎಂದಳು.

ಎಂದಿನಂತೆ ಮುದ್ದೆ ಮಾಡಿ, ಮೊದಲು ಅಪ್ಪನ ತಟ್ಟೆಗೇ ಬಡಿಸಿದಳು.