ವರ್ಷಕ್ಕೊಮ್ಮೆ ಎದ್ದು ನಿಲ್ಲುವ ಓಣಿ

ಮಕ್ಕಳೇ, ನಾನು ಲಂಡನ್ನಿನ ಟೂಟಿಂಗಿಗೆ ಬಂದು ನಿಮ್ಮ ಅವ್ವನ ಮನೆಯಲ್ಲಿ ಇರತೊಡಗಿ ಆರು ತಿಂಗಳಾಗಿತ್ತು. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನನ್ನ ಮಾತು ಕಡಿಮೆಯಾಗಿತ್ತು. ಮೊದಲೂ ಹೆಚ್ಚೇನಿರಲಿಲ್ಲ. ಒಂದು ದಿನ ನಿಮ್ಮ ಅವ್ವ ನನ್ನ ಕೋಟು ತಂದು ಮಡಿಲಲ್ಲಿಟ್ಟಳು.

"ಹಿಂಗ ಗ್ವಾಡಿ ನೋಡ್ಕೊಂತ ಕುಂದ್ರಬ್ಯಾಡವಾ. ಬುಧವಾರಕ್ಕೊಮ್ಮೆ ಆ ಮ್ಯೂಸಿಯಮ್ಮಿಗೆ ಹೋಗು. ಅಲ್ಲಿ ಚಾ ಮಾಡಾಕ ಮಂದಿ ಬೇಕಂತ."

"ನನಗ ಇಂಗ್ಲಿಷ್ ಬರಂಗಿಲ್ಲಲ್ಲ."

"ಚಾಕ್ಕ ಇಂಗ್ಲಿಷ್ ಯಾಕ ಬೇಕು?"

ನಮ್ಮ ಮನೆಯಿಂದ ನಾಲ್ಕು ಬಸ್ ಸ್ಟಾಪ್ ಆಚೆ, ಹಳೆಯ ಚರ್ಚಿಗೆ ಸೇರಿದ ಒಂದು ದೊಡ್ಡ ಕೋಣೆ. ಅದೇ ಮ್ಯೂಸಿಯಂ. ಒಳಗೆ ತಗಡಿನ ಟ್ರಂಕುಗಳು, ನರ್ಸಿನ ಟೋಪಿ, ಬಸ್ ಕಂಡಕ್ಟರನ ಚೀಲ, ಒಂದು ಸೀಮೆಎಣ್ಣೆ ಹೀಟರು. ಹೀಟರಿನ ಹತ್ತಿರ ಹೋದರೆ ಇನ್ನೂ ವಾಸನೆ ಬರುತ್ತಿತ್ತು. ನನಗೆ ನಮ್ಮೂರ ಚಿಮಣಿ ದೀಪ ನೆನಪಾಗಿ ಅಲ್ಲೇ ನಿಂತುಬಿಡುತ್ತಿದ್ದೆ. ಕೆರಿಬಿಯನ್ ದ್ವೀಪಗಳಿಂದ ಹಡಗಿನಲ್ಲಿ ಬಂದ ಕಪ್ಪು ಜನರ ಸಾಮಾನು ಅವು. ಬಂದ ಹೊಸದರಲ್ಲಿ ಅವರಿಗೆ ಯಾರೂ ಬಾಡಿಗೆಗೆ ಕೋಣೆ ಕೊಡುತ್ತಿರಲಿಲ್ಲವಂತೆ. ಹಾಗಾಗಿ ಒಬ್ಬರ ಪಕ್ಕ ಒಬ್ಬರು ಮನೆ ಕೊಂಡು, ಅಲ್ಲಿದ್ದ ಒಂದು ಓಣಿಯನ್ನೇ ತಮ್ಮ ಊರು ಮಾಡಿಕೊಂಡರು. ಆಮೇಲೆ ಎಷ್ಟೋ ವರ್ಷಕ್ಕೆ ಓಣಿಯನ್ನು ಕೆಡವಿ ಎತ್ತರದ ಫ್ಲ್ಯಾಟುಗಳನ್ನು ಕಟ್ಟಿದರು. ಜನ ದಿಕ್ಕಿಗೊಬ್ಬರಾಗಿ ಚದುರಿಹೋದರು.

ಮ್ಯೂಸಿಯಮ್ಮಿನಲ್ಲಿ ಎಲ್ಲರೂ 'ಆಂಟಿ' ಎಂದು ಕರೆಯುತ್ತಿದ್ದ ಒಬ್ಬ ಮುದುಕಿ ಇದ್ದರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ನೆಟ್ಟಗಿನ ಬೆನ್ನು, ಯಾವಾಗಲೂ ಹ್ಯಾಟು. ಅವರೂ ಅಲ್ಲಿಯ ಉಳಿದವರೂ ಆಡಿದ್ದೆಲ್ಲ ಇಂಗ್ಲಿಷು. ನನಗೆ ಅದು ಹೇಗೆ ತಿಳಿಯಿತೋ ಹಾಗೆ, ನನ್ನ ಬಾಯಿಯ ಮಾತಿನಲ್ಲೇ ಬರೆಯುತ್ತೇನೆ.

ಮೊದಲ ವರ್ಷ ಆಗಸ್ಟಿನ ಒಂದು ಶನಿವಾರ 'ಊರಿಗೆ ಬರುವ ದಿನ' ನೋಡಿದೆ. ಚದುರಿಹೋದವರು, ಅವರ ಮಕ್ಕಳು, ಮೊಮ್ಮಕ್ಕಳು ಎಲ್ಲೆಲ್ಲಿಂದಲೋ ಬಂದು ಕಟ್ಟಡದ ಹಿಂದಿನ ಅಂಗಳದಲ್ಲಿ ಸೇರಿದ್ದರು. ಅನ್ನ, ಹುರಿದ ಬಾಳೆ, ನಗು, ಗದ್ದಲ. ನಾನು ಅಡುಗೆಮನೆಯ ಕಿಟಕಿ ಬಿಟ್ಟು ಹೊರಗೆ ಬರಲಿಲ್ಲ. ಮಧ್ಯಾಹ್ನ ಆಂಟಿ ಒಂದು ಕುರ್ಚಿಯ ಮುಂದೆ ನಿಂತು ಕೈ ಎತ್ತಿದರು. ಗದ್ದಲ ನಿಂತಿತು.

ಅವರು ಓಣಿಯನ್ನು ಕರೆಯತೊಡಗಿದರು. ಒಂದನೇ ನಂಬರಿನ ಮನೆ, ಅದರಲ್ಲಿ ಯಾರಿದ್ದರು, ಅಟ್ಟದ ಮೇಲೆ ಯಾರು, ಹಿತ್ತಲಲ್ಲಿ ಯಾರ ಕೋಳಿ. ಕರೆದ ಕೂಡಲೇ ಆ ಮನೆಯವರು ಜನರೊಳಗಿಂದ ಹೊರಬಂದು ಅಂಗಳದ ಎಡಗಡೆ ನಿಂತರು. ಎರಡನೇ ನಂಬರಿನವರು ಅವರ ಎದುರಿಗೆ. ಮೂರು ಈಚೆ, ನಾಲ್ಕು ಆಚೆ. ಯಾವ ಮನೆಯಿಂದ ಯಾರೂ ಬಂದಿರಲಿಲ್ಲವೋ ಅಲ್ಲಿ ಒಂದು ಮನೆಯಷ್ಟು ಜಾಗ ಖಾಲಿ ಬಿಡುತ್ತಿದ್ದರು. ಹಾಗೆ ಕರೆಯುತ್ತ ಕರೆಯುತ್ತ ನನ್ನ ಕಣ್ಣೆದುರೇ, ಇಟ್ಟಿಗೆಯೊಂದೂ ಉಳಿಯದ ಆ ಓಣಿ ಈ ತುದಿಯಿಂದ ಆ ತುದಿಯವರೆಗೆ ಎದ್ದು ನಿಂತಿತು. ಮನೆಗಳಿದ್ದ ಜಾಗದಲ್ಲಿ ಮನುಷ್ಯರು. ನಡುವೆ ದಾರಿ. ಕೈಯಲ್ಲಿದ್ದ ತಟ್ಟೆ ಒರೆಸುವುದನ್ನು ನಾನು ಮರೆತಿದ್ದೆ.

ಒಬ್ಬ ಹುಡುಗಿ ಫೋನ್ ಎತ್ತಿದಳು. ಆಂಟಿ ಅಲ್ಲಿಂದಲೇ ಗದರಿದರು.

"ಏ, ಅದನ್ನ ಒಳಗಿಡು! ಫೋನಿನ್ಯಾಗ ಹಾಕ್ಕೊಂಡ್ರ ಮುಂದಿನ ವರ್ಷ ಮಂಚದ ಮ್ಯಾಲ ಬಿದ್ಕೊಂಡು ಕೇಳ್ತಿ. ಓಣಿ ಬೇಕಂದ್ರ ಕಾಲೀಲೆ ನಡದು ಬರಬೇಕು."

ಫೋನಿನಲ್ಲಿ ಹಿಡಿಯಬಾರದು, ಬರೆದೂ ಇಡಬಾರದು. ಅದು ಅವರ ಕಟ್ಟುನಿಟ್ಟು.

ಬುಧವಾರಗಳು ಸಾಗಿದವು. ಚಳಿಗಾಲದಲ್ಲಿ ಬಾಗಿಲು ಹಾಕಿ ಟ್ರಂಕುಗಳಿಗೆ ಎಣ್ಣೆ ಹಚ್ಚಿದೆವು, ಟೋಪಿಗಳ ಧೂಳನ್ನು ಮೆತ್ತನೆ ಬ್ರಷ್ಷಿನಿಂದ ತೆಗೆದೆವು. ವಸಂತ ಬಂದಾಗ ಶಾಲೆಯ ಮಕ್ಕಳು ಸಾಲಾಗಿ ಬಂದರು. ಆಂಟಿ ಗಾಜು ಒರೆಸುತ್ತ ದಿನಕ್ಕೆ ನಾಲ್ಕೈದು ಮನೆಯಂತೆ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದರು. ಹೇಳುವುದು ಬಿಟ್ಟರೆ ಮನೆಗಳು ಬಿದ್ದುಹೋಗುತ್ತವೆ ಅನ್ನುತ್ತಿದ್ದರು.

ನಾನು ತಪ್ಪು ಮಾಡಿದ್ದು ಅಲ್ಲಿ. ಆ ಜನರನ್ನು ಸರಿಯಾಗಿ ಹೆಸರು ಹಿಡಿದು ಮಾತಾಡಿಸಬೇಕೆಂಬ ಆಸೆ ನನಗೆ. ಇಂಗ್ಲಿಷ್ ಬರೆಯಲು ಬಾರದು. ಆದರೆ ಏಳನೇ ಇಯತ್ತೆಯವರೆಗೆ ನಮ್ಮೂರ ಮಾಸ್ತರರು ದಿನಾ ಉಕ್ತಲೇಖನ ಬರೆಸಿದ್ದರು. ಕಿವಿಗೆ ಬಿದ್ದದ್ದನ್ನು ಕೈ ತಾನೇ ಬರೆಯುತ್ತದೆ. ಕಿರಾಣಿ ಪಟ್ಟಿಯ ನೋಟ್‌ಬುಕ್ಕಿನಲ್ಲಿ, ಆಂಟಿ ಹೇಳಿದ್ದನ್ನು ಹೇಳಿದ ಹಾಗೆಯೇ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳತೊಡಗಿದೆ. ಒಮ್ಮೆ ಅವರು ಬಗ್ಗಿ ನೋಡಿದರು.

"ಏನದು ಡಾರ್ಲಿಂಗ್? ಮುತ್ತಿನ ಸರ ಇದ್ದಂಗ ಐತಿ. ನಿಮ್ಮ ದೇವರ ಮಂತ್ರ ಏನು?"

ನಾನು ಹೌದೆಂದು ತಲೆಯಾಡಿಸಿಬಿಟ್ಟೆ. ಮಕ್ಕಳೇ, ಅದು ಸುಳ್ಳು. ಹೆದರಿಕೆಯಿಂದ ಆಡಿದ ಸುಳ್ಳು.

ಎರಡನೇ ವರ್ಷ ಜುಲೈನಲ್ಲಿ ಆಂಟಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಮುಂದಿನ ಬುಧವಾರ ಮ್ಯೂಸಿಯಮ್ಮಿನ ಕಾರ್ಯದರ್ಶಿಗಳು, ಮೊದಲು ಬಸ್ ಓಡಿಸುತ್ತಿದ್ದ ಒಬ್ಬ ಹಿರಿಯರು, ಚಹಾ ಮುಂದಿಟ್ಟುಕೊಂಡು ಕುಡಿಯದೆ ಕುಳಿತರು.

"ಊಟ ಹಾಕೋಣ, ಹಾಡು ಹಚ್ಚೋಣ. ಓಣಿ ಕರೆಯೋದು ಈ ವರ್ಷಕ್ಕ ಮುಗೀತು. ಅದು ಆಕಿ ತಲ್ಯಾಗ ಇತ್ತು. ನಮಗ ನಮ್ಮ ನಮ್ಮ ಮನಿ ಅಷ್ಟ ಗೊತ್ತು."

ಬಸ್ಸಿನಲ್ಲಿ ಬರುವಾಗ ಚೀಲದಲ್ಲಿದ್ದ ನೋಟ್‌ಬುಕ್ಕು ಕಲ್ಲಿನಷ್ಟು ಭಾರವಾಗಿತ್ತು. ಹೇಳಿದರೆ ಕಳ್ಳಿ ಅನ್ನಿಸಿಕೊಳ್ಳಬೇಕು, ಹೇಳದಿದ್ದರೆ ಆ ಓಣಿ ಇನ್ನೆಂದೂ ಏಳುವುದಿಲ್ಲ. ಒಂದು ವಾರ ನಿಮ್ಮ ಅವ್ವನಿಗೂ ಹೇಳಲಿಲ್ಲ. ಮರು ಬುಧವಾರ ನೋಟ್‌ಬುಕ್ಕನ್ನು ಕಾರ್ಯದರ್ಶಿಗಳ ಮುಂದಿಟ್ಟೆ. ಅವರು ತಿರುಗಿಸಿ ಮುರುಗಿಸಿ ನೋಡಿದರು.

"ಮಸಾಲಿ ಪಟ್ಟಿ ಏನ್ ಇದು?"

ನಾನು ಒಂದನೇ ನಂಬರಿನ ಮನೆ ಓದಿದೆ. ಅವರ ಕೈ ಕಪ್ಪಿನ ಮೇಲೇ ನಿಂತಿತು. ಐದನೇ ನಂಬರು ಅವರದೇ ಮನೆ. ಅದನ್ನು ಓದಿದಾಗ ಕನ್ನಡಕ ತೆಗೆದರು.

"ನನ್ನವ್ವನ ಹೆಸರು ಆಂಟಿ ಅಂದಂಗ ಅಂತೀರಲ್ಲ," ಎಂದರು. ಕನ್ನಡಕ ಮತ್ತೆ ಹಾಕಿಕೊಂಡು, "ಆದ್ರ ಆಕಿ ಒಪ್ಪಬೇಕು," ಎಂದರು.

ಆಸ್ಪತ್ರೆಗೆ ಹೋದೆವು. ನಾನು ತಪ್ಪೊಪ್ಪಿಕೊಳ್ಳಲು ನಿಮ್ಮ ಅವ್ವ ಹೇಳಿಕೊಟ್ಟ ಇಂಗ್ಲಿಷು ಬಾಗಿಲಲ್ಲೇ ಮರೆತುಹೋಯಿತು. ನೋಟ್‌ಬುಕ್ ತೆರೆದು ತೋರಿಸಿ, "ಮಂತ್ರ ಅಲ್ಲ," ಎಂದಷ್ಟೇ ಹೇಳಿ ಓದತೊಡಗಿದೆ. ಆಂಟಿಯ ಮುಖ ಗಟ್ಟಿಯಾಯಿತು. ಕಣ್ಣು ಮುಚ್ಚಿಕೊಂಡರು. ಓದುತ್ತ ಹೋದೆ. ಇಪ್ಪತ್ತೇಳು ಮುಗಿಸಿ ಇಪ್ಪತ್ತೊಂಬತ್ತಕ್ಕೆ ಹೋದಾಗ ಎಡಗೈಯಿಂದ ಮಂಚವನ್ನು ಜೋರಾಗಿ ಹೊಡೆದರು. ಹಿಂದಕ್ಕೆ ಹೋಗಿ ಓದಿದೆ. ಮತ್ತೆ ಹೊಡೆದರು. ಆಗ ಗೊತ್ತಾಯಿತು: ಇಪ್ಪತ್ತೆಂಟು ನನ್ನಲ್ಲಿ ಇರಲಿಲ್ಲ. ಆ ಬುಧವಾರ ನಾನು ಚಹಾ ಸೋಸಲು ಎದ್ದಿರಬೇಕು. ಅವರಿಗೆ ಅದನ್ನು ಹೇಳಿಬಿಡುವ ಆಸೆ, ತುಟಿ ಅಲುಗುತ್ತದೆ, ಮಾತು ಬರುವುದಿಲ್ಲ. ಆಂಟಿ ಬಹಳ ಹೊತ್ತು ನನ್ನನ್ನು ನೋಡಿದರು. ಆಮೇಲೆ ನೋಟ್‌ಬುಕ್ಕನ್ನು ಎಡಗೈಯಿಂದ ಮುಚ್ಚಿ ನನ್ನ ಎದೆಗೆ ಒತ್ತಿ ಹಿಡಿದರು. ಒಪ್ಪಿಗೆಯೋ, ಅಪ್ಪಣೆಯೋ. ಎರಡೂ ಇದ್ದಿರಬೇಕು.

ಆಗಸ್ಟಿನ ಆ ಶನಿವಾರ ನೀವಿಬ್ಬರೂ ಬಂದಿದ್ದಿರಿ, ಸಣ್ಣವರು. ಆಂಟಿಯನ್ನು ಗಾಲಿಕುರ್ಚಿಯಲ್ಲಿ ಕರೆತಂದಿದ್ದರು, ತಲೆಯ ಮೇಲೆ ಹ್ಯಾಟು ಹಾಗೇ ಇತ್ತು. ನಾನು ಸೆರಗು ಬಿಗಿದುಕೊಂಡು ಅವರ ಪಕ್ಕ ನಿಂತೆ. ನಮ್ಮೂರಲ್ಲಿ ಹೆಂಗಸರ ಕೂಟದಲ್ಲೂ ಬಾಯಿ ತೆರೆದವಳಲ್ಲ ನಾನು. ಮೊದಲ ಮನೆ ಓದಿದಾಗ ಯಾರಿಗೂ ಕೇಳಿಸಲಿಲ್ಲ. "ಜೋರಾಗಿ ಹೇಳಮ್ಮಾ!" ಎಂದು ಹಿಂದಿನಿಂದ ಒಬ್ಬಾಕೆ ಕೂಗಿದಳು. ಮತ್ತೆ ಓದಿದೆ. ಗುಂಪು ಅಲುಗಾಡಿತು. ಒಬ್ಬ ಹೆಂಗಸು, ಅವಳ ಮೂವರು ಮಕ್ಕಳು ಬಂದು ಎಡಗಡೆ ನಿಂತರು. ನನ್ನ ಬಾಯಿಂದ ಬಂದ ಮಾತಿಗೆ ಅಲ್ಲೊಂದು ಮನೆ ಎದ್ದಿತ್ತು.

ಇಪ್ಪತ್ತೆಂಟು ಬಂತು. "ಇದು ನನ್ನ ಹತ್ರ ಇಲ್ಲ. ನಾ ಚಾ ಮಾಡಾಕ ಹೋಗಿದ್ದೆ," ಎಂದು ಇಂಗ್ಲಿಷಿನಲ್ಲಿ ಹೇಗೋ ಹೇಳಿದೆ. ಆಮೇಲೆ ಕೆಂಪು ಟೈ ಕಟ್ಟಿದ ಒಬ್ಬ ಮುದುಕ ಕೋಲೂರಿಕೊಂಡು ಮುಂದೆ ಬಂದ.

"ನಾವಿಲ್ಲೆ ಅದೀವಿ ತಂಗಿ! ನಮ್ಮ ಮನಿ ಬಂದಾಗ ಎಲ್ಲಾರಿಗೂ ಚಾ ನೆನಪಾಗತೈತಿ ನೋಡು."

ಅಂಗಳವೆಲ್ಲ ನಕ್ಕಿತು. ಆಂಟಿಯ ಭುಜವೂ ಅಲುಗಿತು. ಅವನು ತನ್ನ ತಂದೆ, ತಾಯಿ, ಸತ್ತ ಅಕ್ಕ, ಮಹಡಿಯಲ್ಲಿದ್ದ ಬಡಿಗ, ಎಲ್ಲರ ಹೆಸರನ್ನೂ ಹೇಳಿದ. ಜನ ಕಾದರು, ನಾನು ನಿಂತಲ್ಲೇ ಬರೆದುಕೊಂಡೆ. ಅವನು ಹೋಗಿ ತನ್ನ ಜಾಗದಲ್ಲಿ ನಿಂತ.

ಆ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಬೇಕಾದರೆ ಆಗಸ್ಟಿನಲ್ಲಿ ಬಂದು ಕೇಳಿರಿ.

ಕೊನೆಯದು ನಲವತ್ತೊಂದು, ಆಂಟಿಯ ಮನೆ. ಅವರಿಗೆ ಗಂಡ ಮಕ್ಕಳು ಇರಲಿಲ್ಲ. ನಂಬರು ಓದಿ ನಿಲ್ಲಿಸಿದೆ. ಅವರು ಎಡಗೈ ಎತ್ತಿದರು. ಕಾರ್ಯದರ್ಶಿಗಳು ತಮ್ಮ ಮನೆ ಬಿಟ್ಟು ಬಂದು ಕುರ್ಚಿಯನ್ನು ಓಣಿಯ ನಡುವೆ ಮೆಲ್ಲಗೆ ತಳ್ಳತೊಡಗಿದರು. ಎರಡೂ ಕಡೆಯಿಂದ ಜನ, ಸಂಜೆ ಬಾಗಿಲಲ್ಲಿ ನಿಂತವರಂತೆ, ಮಾತಾಡಿಸುತ್ತಿದ್ದರು.

"ಹೊಸಾ ಹ್ಯಾಟೇನು ಆಂಟಿ?"

"ಇಷ್ಟ್ ತಡಾ ಮಾಡಿದ್ರಿ?"

"ಮನಿಗೇನು?"

ಆಂಟಿ ಎಡಕ್ಕೂ ಬಲಕ್ಕೂ ನೋಡಿ ತಲೆಯಾಡಿಸುತ್ತ ಹೋದರು. ಖಾಲಿ ಬಿಟ್ಟ ಜಾಗಗಳ ಮುಂದೆಯೂ ಆಡಿಸಿದರು. ಎಡಸಾಲಿನ ತುದಿಗೆ, ತಮ್ಮ ಮನೆಯ ಜಾಗಕ್ಕೆ ಹೋದ ಮೇಲೆ ಕುರ್ಚಿಯನ್ನು ಓಣಿಯ ಕಡೆ ತಿರುಗಿಸಲು ಸನ್ನೆ ಮಾಡಿದರು. ನನ್ನ ಕೈಯಲ್ಲಿ ಓದಲು ಇನ್ನೇನೂ ಉಳಿದಿರಲಿಲ್ಲ. ಗೇಟಿನಾಚೆ ಬಸ್ಸುಗಳು ಹೋಗುತ್ತಿದ್ದವು. ಬಹಳ ಹೊತ್ತು ಯಾವ ಮನೆಯವರೂ ತಮ್ಮ ಜಾಗ ಬಿಟ್ಟು ಕದಲಲಿಲ್ಲ.