ಖಾರಕ್ಕನ ಕೈ

ನಮ್ಮ ಕಾರ್ಖಾನೆಯಲ್ಲಿ ಒಣಶುಂಠಿಯ ಪುಡಿಗೆ ಮೊದಲು ಹಬೆ ಹಾಯಿಸುತ್ತೇವೆ. ಪರಿಮಳವೆಲ್ಲ ತಿಳಿಹಳದಿ ಎಣ್ಣೆಯಾಗಿ ಇಳಿಯುತ್ತದೆ. ಅದು ನನ್ನ ವಿಭಾಗ. ಉಳಿದ ಪುಡಿಯನ್ನು ದ್ರಾವಕದಲ್ಲಿ ನೆನೆಸಿ, ಆ ದ್ರಾವಕವನ್ನು ಕಾಯಿಸಿ ಹಾರಿಸಿದರೆ ತಳದಲ್ಲಿ ಕಂದು ಬಣ್ಣದ ಗಟ್ಟಿ ಅಂಟು ನಿಲ್ಲುತ್ತದೆ. ಡಬ್ಬದ ಮೇಲೆ ಓಲಿಯೋರೆಸಿನ್ ಎಂದು ಬರೆದಿರುತ್ತದೆ. ಶುಂಠಿಯ ಖಾರವೆಲ್ಲ ಅದರಲ್ಲೇ. ಅದನ್ನು ಕೆರೆದು ಡಬ್ಬಕ್ಕೆ ತುಂಬುತ್ತಿದ್ದವಳು ಖಾರಕ್ಕ. ಬಾಯಿಯೂ ಹಾಗೇ. ಮೇಲ್ವಿಚಾರಕ ಅವಳೆದುರು ಬಾಲ ಮುದುರಿಕೊಳ್ಳುತ್ತಿದ್ದ.

ಗ್ಲೌಸ್ ಕೊಡುತ್ತಿದ್ದರು, ಹಾಕಿಕೊಳ್ಳುವ ಹೊತ್ತಿಗೇ ಹರಿಯುವಂಥವು. ಆ ಅಂಟು ಬರೀ ಸೋಪಿಗೆ ಜಗ್ಗುವುದಿಲ್ಲ. ಮೊದಲು ಅಡುಗೆ ಎಣ್ಣೆ ಹಚ್ಚಿ ಒರೆಸಬೇಕು, ಆಮೇಲೆ ಸೋಪು. ಹೊಸಬರಿಗೆಲ್ಲ ಬೈದು ಬೈದು ಇದನ್ನು ಕಲಿಸಿದವಳೇ ಅವಳು.

ಒಂದು ಮಧ್ಯಾಹ್ನ ಅವಳ ಮಗ ಫೋನ್ ಮಾಡಿ ಹೆಣ್ಣುಮಗು ಹುಟ್ಟಿದೆ ಎಂದ. ಅವಳಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸೋಪಿನಲ್ಲಿ ಗಸಗಸ ಕೈ ತೊಳೆದು ಆಸ್ಪತ್ರೆಗೆ ಓಡಿದಳು, ಎಣ್ಣೆ ಮರೆತಳು. ಕೂಸಿನ ಕೆನ್ನೆ ಸವರಿದ್ದೇ ತಡ, ಅದು ಕೆಂಪಗಾಗಿ ಕಿಟಾರನೆ ಕಿರುಚಿತು.

"ಅತ್ತೆ, ಕೈ ತೆಗೀರಿ! ಆ ಕೆಲ್ಸ ಬಿಡೋ ತನಕ ಮಗೂನ ಮುಟ್ಟಬೇಡಿ" ಎಂದಳು ಸೊಸೆ. ಮಗ ಕೂಸನ್ನು ಹೆಂಡತಿಯ ಪಕ್ಕಕ್ಕೆ ಸರಿಸಿದ.

ಮಗುವಿನ ಹಾಲಿನ ಪುಡಿ ಬರುತ್ತಿದ್ದದ್ದು ಅದೇ ಕೈಯ ದುಡಿಮೆಯಿಂದ. ಅದನ್ನು ಮಾತ್ರ ಯಾರೂ ಬೇಡ ಅನ್ನಲಿಲ್ಲ. ಒಂದೇ ಮನೆಯಲ್ಲಿದ್ದು ಅವಳು ಬಾಗಿಲ ಬಳಿ ನಿಂತು ಮೊಮ್ಮಗಳನ್ನು ನೋಡುತ್ತಿದ್ದಳು. ಮಗು ಅಂಬೆಗಾಲಿಟ್ಟು ಅತ್ತ ಹೊರಟರೆ ಒಳಗಿನಿಂದ ಕೂಗು: "ಬೇಡ ಪುಟ್ಟಾ, ಅಜ್ಜಿ ಕೈ ಉರಿ!" ಅವಳ ಬಾಯಲ್ಲಿ ಇದನ್ನು ಕೇಳಿದಾಗಲೆಲ್ಲ ನನಗೆ ಮೈ ಪರಚಿಕೊಳ್ಳುವಷ್ಟು ಸಿಟ್ಟು ಬರುತ್ತಿತ್ತು. ಅವಳು ಮಾತ್ರ, "ಎಳೇ ಕೂಸು ಕಣೋ, ಸೊಸೆ ಹೇಳೋದೂ ಸರಿನೇ" ಎನ್ನುತ್ತಿದ್ದಳು.

ಮಗನಿಗೆ ಒಳ್ಳೆಯ ಕೆಲಸ ಸಿಕ್ಕಿದಾಗ ಮಗುವಿಗೆ ಎರಡು ತುಂಬಿತ್ತು. ಖಾರಕ್ಕ ಕಾರ್ಖಾನೆ ಬಿಟ್ಟಳು. ಕೆಲವು ವಾರ ಎಣ್ಣೆ ಹಚ್ಚಿ ತೊಳೆದದ್ದೇ ತೊಳೆದದ್ದು. ಆಮೇಲೆ ನನ್ನನ್ನು ಮನೆಗೆ ಕರೆಸಿ ಅಂಗೈ ಚಾಚಿದಳು.

"ಮೂಸಿ ನೋಡೋ. ಏನಾದ್ರೂ ಇದ್ಯಾ?"

"ಏನೂ ಇಲ್ಲ ಅಕ್ಕ."

ಅವಳು ನೆಲದ ಮೇಲೆ ಕೂತು ಎರಡೂ ಕೈ ನೀಡಿದಳು. "ಬಾ ಚಿನ್ನಾ."

ಮಗು ತನ್ನ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿತು. "ಉರಿ" ಎಂದಿತು, ಸ್ಪಷ್ಟವಾಗಿ. ಸೊಸೆಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. "ಈಗ ಉರಿ ಇಲ್ಲ ಪುಟ್ಟಾ, ಹೋಗು" ಎಂದು ಮುಂದಕ್ಕೆ ತಳ್ಳಿದಳು. ಮಗು ಚೀರಿ ಅಮ್ಮನ ಕಾಲನ್ನೇ ತಬ್ಬಿತು.

"ಬಿಡೇ, ಬಲವಂತ ಮಾಡಬೇಡ" ಎಂದಳು ಖಾರಕ್ಕ. "ಜಾಣೆ. ಹೇಳಿಕೊಟ್ಟಿದ್ದು ಚೆನ್ನಾಗಿ ಕಲ್ತಿದಾಳೆ."

ಅಷ್ಟು ಹೇಳಿ, ಮಗುವಿಗೆ ಕಾಣದ ಹಾಗೆ ಕೈಗಳನ್ನು ತೊಡೆಯ ಕೆಳಗೆ ಅಡಗಿಸಿಕೊಂಡು ಕೂತಳು.